ಎರಡು ಸರಾಸರಿಗಳ ಅಂತರ: ಬದುವಿನ ಫಲವೋ, ಆಕಸ್ಮಿಕವೋ?

ಆದಿಚುಂಚನಗಿರಿಯ ಸುತ್ತಲಿನ ಜಮೀನು ಬಹುಪಾಲು ಮಳೆಯಾಶ್ರಿತ. ರಾಗಿ ಇಲ್ಲಿನ ಮುಖ್ಯ ಬೆಳೆ. ಉದ್ಯೋಗ ಖಾತರಿ ಯೋಜನೆಯಡಿ ಇಂತಹ ಹೊಲಗಳಿಗೆ ಕಂದಕ ಬದು ನಿರ್ಮಿಸಿದ ಬಳಿಕ ಗ್ರಾಮ ಸಭೆಯಲ್ಲಿ ಸಹಜವಾಗಿ ಏಳುವ ಪ್ರಶ್ನೆ, ಇಳುವರಿ ಹೆಚ್ಚಿತೇ ಎಂಬುದು. ಮುಂದಿನ ಸಾಲಿನ ಕ್ರಿಯಾ ಯೋಜನೆಯಲ್ಲಿ ಬದುಗಳಿಗೆಷ್ಟು, ಕೆರೆ ಹೂಳೆತ್ತಲು ಎಷ್ಟು ಎಂಬ ಹಂಚಿಕೆಯು ಈ ಉತ್ತರವನ್ನು ಅವಲಂಬಿಸುವುದರಿಂದ, ಅದನ್ನು ಪರೀಕ್ಷಿಸುವ ಕ್ರಮವನ್ನು ಸದಸ್ಯರು ಅರಿತಿರುವುದು ಅವಶ್ಯ.

ಲೆಕ್ಕ ತಿಳಿಯುವ ಸಲುವಾಗಿ ಮಾತ್ರ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಬದು ಇರುವ ಐದು ಹೊಲಗಳಲ್ಲಿ ಎಕರೆಗೆ 9, 12, 10, 13, 11 ಕ್ವಿಂಟಾಲ್ ರಾಗಿ. ಬದು ಇಲ್ಲದ ಐದರಲ್ಲಿ 8, 11, 10, 12, 9. ಸರಾಸರಿ ಕ್ರಮವಾಗಿ 11 ಮತ್ತು 10. ಎಕರೆಗೆ ಒಂದು ಕ್ವಿಂಟಾಲ್ ಹೆಚ್ಚಳವೆಂದು ವರದಿ ಬರೆಯಲು ಇಷ್ಟೇ ಸಾಕೆನಿಸುತ್ತದೆ. ಆದರೆ ಬದು ಇಲ್ಲದ ಹೊಲವೊಂದು 12 ಕೊಟ್ಟಿದೆ. ಬದು ಇರುವ ಹೊಲವೊಂದು 9ಕ್ಕೇ ನಿಂತಿದೆ.

ಬದುವಿನಿಂದ ಯಾವ ಪರಿಣಾಮವೂ ಆಗಿಲ್ಲವೆಂದು ಸದ್ಯಕ್ಕೆ ಭಾವಿಸಿ, ಈ ಹತ್ತು ಅಂಕಿಗಳನ್ನು ಹತ್ತು ಚೀಟಿಗಳಲ್ಲಿ ಬರೆದು, ಕಲಸಿ, ಐದೈದರ ಎರಡು ಗುಂಪು ಮಾಡಿದರೆ ಏನಾಗುತ್ತದೆ? ಮೊದಲ ಗುಂಪಿಗೆ ಐದು ಚೀಟಿಗಳನ್ನು ಎತ್ತಬಹುದಾದ ರೀತಿಗಳು ಒಟ್ಟು 252. ಅವುಗಳ ಪೈಕಿ 112ರಲ್ಲಿ ಸರಾಸರಿಗಳ ಅಂತರ, ಯಾವ ಗುಂಪಿನ ಕಡೆಗಾದರೂ ಸರಿ, ಒಂದು ಕ್ವಿಂಟಾಲ್ ಅಥವಾ ಅದಕ್ಕೂ ಹೆಚ್ಚು ಬರುತ್ತದೆ; ಎಂದರೆ ನೂರಕ್ಕೆ ಸುಮಾರು 44 ಬಾರಿ. ಇದು ನೂರಕ್ಕೆ 5ಕ್ಕಿಂತ ಕಡಿಮೆಯಿದ್ದಾಗ ಮಾತ್ರ ಅಂತರವನ್ನು 'ಗಣನೀಯ' ಎನ್ನುವುದು ರೂಢಿ.

ಚೀಟಿಗಳ ಈ ಕೆಲಸವನ್ನು ಟಿ-ಪರೀಕ್ಷೆಯು ಸೂತ್ರದಿಂದ ಮಾಡುತ್ತದೆ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ಡಬ್ಲ್ಯು. ಎಸ್. ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಲೇಖನ ಇದರ ಮೂಲ; ಕೆಲವೇ ಅಳತೆಗಳಿರುವಾಗಲೂ ಬಳಸಬಹುದೆಂಬುದು ಇದರ ಹೆಚ್ಚುಗಾರಿಕೆ. ಹೊಲದಿಂದ ಹೊಲಕ್ಕಿರುವ ಏರಿಳಿತದಿಂದಲೇ ಹುಟ್ಟಬಹುದಾದ ಅಂತರದ ಅಳತೆಯೊಂದನ್ನು ಲೆಕ್ಕ ಹಾಕಿ, ಕಂಡ ಅಂತರವನ್ನು ಅದರಿಂದ ಭಾಗಿಸಲಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಎರಡೂ 1, ಭಾಗಲಬ್ಧವೂ 1. ಐದೈದು ಹೊಲಗಳಿಗೆ ಅದು 2.306 ಮೀರಬೇಕಿತ್ತು. ಅದೇ ಅಂತರ, ಅದೇ ಏರಿಳಿತ ನಲವತ್ತು-ನಲವತ್ತು ಹೊಲಗಳಲ್ಲಿ ಕಂಡುಬಂದಿದ್ದರೆ ಭಾಗಲಬ್ಧ ಸುಮಾರು 2.8 ಆಗಿ, ಸುಮಾರು 2ರ ಮಿತಿಯನ್ನು ದಾಟುತ್ತಿತ್ತು. ಆದ್ದರಿಂದ 'ಗಣನೀಯವಲ್ಲ' ಎಂಬ ಫಲಿತಾಂಶವನ್ನು ಬದು ವ್ಯರ್ಥವೆಂದು ಓದಿ ಅನುದಾನ ಕಡಿತಗೊಳಿಸುವುದೂ ತಪ್ಪೇ. ಐದು ಹೊಲಗಳ ಸಾಕ್ಷ್ಯ ಸಾಲದು, ಅಷ್ಟೇ.

ಹೊಲಗಳ ಆಯ್ಕೆಯಲ್ಲಾದ ತಪ್ಪನ್ನು ಯಾವ ಸೂತ್ರವೂ ಸರಿಪಡಿಸದು. ಶ್ರೀರಂಗಪಟ್ಟಣ ಅಥವಾ ಪಾಂಡವಪುರದ ನಾಲಾ ಬಯಲಿನ ಹೊಲವನ್ನು ನಾಗಮಂಗಲದ ಖುಷ್ಕಿ ಹೊಲದೊಡನೆ ಹೋಲಿಸಿದರೆ ಕಾಣುವುದು ಕಾವೇರಿ ನೀರಿನ ಫಲವೇ ಹೊರತು ಬದುವಿನದಲ್ಲ. ಒಂದೇ ಊರಿನಲ್ಲಿಯೂ ಬದು ಹಾಕಿಸಿಕೊಂಡವರೇ ಗೊಬ್ಬರಕ್ಕೂ ಹೆಚ್ಚು ಖರ್ಚು ಮಾಡಿದವರಾಗಿದ್ದರೆ ಎರಡರ ಫಲವೂ ಬೆರೆತುಹೋಗುತ್ತದೆ. ಬೆಳೆ ಕಟಾವು ಪ್ರಯೋಗಕ್ಕೆ ಸರ್ವೆ ನಂಬರುಗಳನ್ನು ಯಾದೃಚ್ಛಿಕವಾಗಿ ಆರಿಸುವುದು ರಸ್ತೆ ಬದಿಯ ಹುಲುಸಾದ ಹೊಲಗಳೇ ಲೆಕ್ಕಕ್ಕೆ ಬರಬಾರದೆಂದು. ಬದುಗಳ ಸಮೀಕ್ಷೆಗೂ ಅದೇ ಕ್ರಮ ತಕ್ಕುದು.

ಇಳುವರಿ ವರದಿ ಸಭೆಯ ಮುಂದೆ ಬಂದಾಗ ಸರಾಸರಿಯೊಂದಿಗೆ ಪ್ರತಿ ಹೊಲದ ಅಂಕಿ, ಹೊಲಗಳ ಸಂಖ್ಯೆ, ಮಣ್ಣು ಮತ್ತು ನೀರಿನ ಆಸರೆ, ಆಯ್ಕೆ ಮಾಡಿದ ವಿಧಾನ ಇವುಗಳನ್ನು ಸದಸ್ಯರು ಕೇಳಿ ಪಡೆಯತಕ್ಕದ್ದು. ಪ್ರತಿ ಹೊಲದ ಅಂಕಿ ಕೈಯಲ್ಲಿದ್ದರೆ ಟಿ-ಪರೀಕ್ಷೆಯನ್ನು ಪಂಚಾಯಿತಿ ಕಚೇರಿಯ ಗಣಕಯಂತ್ರದಲ್ಲಿಯೇ ಕೆಲವು ನಿಮಿಷಗಳಲ್ಲಿ ಮಾಡಿ ನೋಡಬಹುದು.