ದೇವಿಗೆ ಒಪ್ಪಿಸಿದ ಲೆಕ್ಕ

ದೆಹಲಿಯ ಮುಖರ್ಜಿ ನಗರದ ಜೆರಾಕ್ಸ್ ಅಂಗಡಿಗಳಲ್ಲಿ ಮಾರಾಟವಾಗುತ್ತ ಬಂದ ಯುಪಿಎಸ್‌ಸಿ ನೋಟ್ಸ್‌ಗಳಲ್ಲಿ ಮಧ್ಯಯುಗದ ವಿದೇಶಿ ಪ್ರವಾಸಿಗರ ಪಟ್ಟಿಗೆ ಖಾಯಂ ಜಾಗವಿತ್ತು. ಕರ್ನಾಟಕದಿಂದ ಹೋಗಿ ಅಲ್ಲಿ ಬಾಡಿಗೆ ಕೋಣೆ ಹಿಡಿದ ಹುಡುಗ ಹುಡುಗಿಯರಿಗೆ ಅದರಲ್ಲಿ ಒಂದು ಹೆಸರು ಶಾಲೆಯಿಂದಲೇ ಪರಿಚಿತ: 1443ರಲ್ಲಿ ಮಂಗಳೂರಿನ ಮೇಲೆ ಹಾದು ಇಮ್ಮಡಿ ದೇವರಾಯನ ವಿಜಯನಗರ ಕಂಡ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್. ಅದೇ ಪಟ್ಟಿಯಲ್ಲಿ ಸ್ವಲ್ಪ ಮೇಲೆ ಚೀನಾದ ಮಾ ಹುವಾನ್. ಅವನು ಮಿಂಗ್ ನೌಕಾಪಡೆಯ ನಾಯಕ ಝೆಂಗ್ ಹೆಯ ಹಡಗುಗಳಲ್ಲಿ ಕೊಚ್ಚಿ, ಕಲ್ಲಿಕೋಟೆಗಳಿಗೆ ಬಂದವನು. ಝೆಂಗ್ ಹೆಯವು ಒಟ್ಟು ಏಳು ಯಾನ, 1405ರಿಂದ 1433. ಉರು ಹೊಡೆಯಲು ಅರೆಗಳಿಗೆ ಸಾಕು. ಆದರೆ ಆ ಏಳರ ಇಸವಿಗಳು ಸರಿಯಾಗಿ ಕೂಡಿಬರಲು ಐನೂರು ವರ್ಷ ಹಿಡಿಯಿತು. ಕೊನೆಗೆ ಅವು ಸಿಕ್ಕಿದ್ದು ಅರಮನೆಯ ಕಡತದಲ್ಲಿ ಅಲ್ಲ.

ಮೊದಲ ಎಳೆ ಸಿಕ್ಕಿದ್ದು ಒಂದು ಮೋರಿಯಲ್ಲಿ. 1911ರಲ್ಲಿ ಶ್ರೀಲಂಕಾದ ಗಾಲೆ ಪಟ್ಟಣದಲ್ಲಿ ಟಾಮಲಿನ್ ಎಂಬ ಎಂಜಿನಿಯರ್ ಮೋರಿಯ ಮೇಲೆ ಬೋರಲಾಗಿ ಹಾಸಿದ್ದ ಚಪ್ಪಡಿಯೊಂದನ್ನು ಗಮನಿಸಿದ. ಎಷ್ಟು ಕಾಲದಿಂದ ಗಾಡಿಗಳು ಅದರ ಬೆನ್ನ ಮೇಲೆ ಉರುಳಿದ್ದವೋ. ತಿರುಗಿಸಿ ನೋಡಿದರೆ ಮೈತುಂಬ ಅಕ್ಷರ! ಚೀನಿ, ತಮಿಳು, ಪರ್ಷಿಯನ್, ಮೂರು ಲಿಪಿಗಳು. ಚೀನಿಯಲ್ಲಿ ಬುದ್ಧನಿಗೆ, ತಮಿಳಿನಲ್ಲಿ ವಿಷ್ಣುವಿಗೆ, ಸವೆದುಹೋದ ಪರ್ಷಿಯನ್‌ನಲ್ಲಿ ಅಲ್ಲಾಹನಿಗೆ ಚೀನಾದ ಚಕ್ರವರ್ತಿ ಕಾಣಿಕೆ ಒಪ್ಪಿಸಿದ್ದ. ಸಾವಿರ ಚಿನ್ನದ ನಾಣ್ಯ, ಐದು ಸಾವಿರ ಬೆಳ್ಳಿಯ ನಾಣ್ಯ, ರೇಷ್ಮೆಯ ಥಾನುಗಳು, ಸುಗಂಧ ತೈಲ ಎಂದು ಪಟ್ಟಿ ಸಾಗಿತ್ತು. ಕಾಣಿಕೆ ತಂದವನು ಝೆಂಗ್ ಹೆ. ಚೀನಿ ಬರಹದ ತಾರೀಖು 1409ರ ಫೆಬ್ರುವರಿಗೆ ಬೀಳುತ್ತಿತ್ತು.

ವಿದ್ವಾಂಸರು ಹಿಗ್ಗಿದರು. ಆಮೇಲೆ ತಲೆ ಕೆರೆದುಕೊಂಡರು. 1739ರಲ್ಲಿ ಮುಗಿದ ಮಿಂಗ್ ವಂಶದ ಅಧಿಕೃತ ಇತಿಹಾಸದ ಪ್ರಕಾರ ಝೆಂಗ್ ಹೆ ಎರಡನೆಯ ಸಲ ಹೊರಟದ್ದು 1408ರಲ್ಲಿ. ಹಾಗಾದರೆ 1409ರ ಫೆಬ್ರುವರಿಯಲ್ಲಿ ಅವನು ಲಂಕೆಯಲ್ಲಿ ಕಲ್ಲು ನೆಡುತ್ತಿದ್ದನೇ? ಅದೇ ನೌಕಾಪಡೆಯಲ್ಲಿದ್ದ ಫೇ ಶಿನ್ ಎಂಬ ಸಾಮಾನ್ಯ ಸೈನಿಕ ಬೇರೆಯೇ ಮಾತು ಬರೆದಿಟ್ಟಿದ್ದ: ತಾನು ಹಡಗು ಹತ್ತಿದ್ದೇ 1409ರ ಶರತ್ಕಾಲದಲ್ಲಿ. ಮಾ ಹುವಾನ್ ತನ್ನ ಮೊದಲ ಯಾನಕ್ಕೆ 1413 ಎಂದ. ಅಧಿಕೃತ ಇತಿಹಾಸ 1412 ಎಂದಿತು. ಮೂಲ ಕಡತ ತೆಗೆದು ನೋಡೋಣವೆಂದರೆ ಅವೇ ಇರಲಿಲ್ಲ. ಮತ್ತೊಂದು ದುಬಾರಿ ಯಾನಕ್ಕೆ ದಾರಿಯಾದೀತೆಂದು ಹೆದರಿ ಲಿಯು ದಾಶಿಯಾ ಎಂಬ ಅಧಿಕಾರಿ ಅವನ್ನು ಇಲ್ಲವಾಗಿಸಿದ ಎಂಬ ಕತೆ ಹಿಂದಿನಿಂದ ಬಂದಿತ್ತು.

1933ರಲ್ಲಿ ಪ್ಯಾರಿಸ್‌ನ ಪಾಲ್ ಪೆಲಿಯೊ ಈ ಗಂಟಿಗೆ ಕೈ ಹಾಕಿದ. ಚೀನೀ ಗ್ರಂಥಗಳ ಮೇಲೆ ಅವನಿಗಿದ್ದ ಹಿಡಿತ ಆ ಕಾಲದಲ್ಲಿ ಯೂರೋಪಿನಲ್ಲಿ ಬೇರೆಯವರಿಗೆ ಇದ್ದದ್ದು ಕಡಿಮೆ. ಅದೇ ವರ್ಷ ಲೈಡನ್‌ನ ಡಚ್ ಪ್ರಾಧ್ಯಾಪಕ ಡೈವೆಂಡಾಕ್ ಮಾ ಹುವಾನನ ಪುಸ್ತಕವನ್ನು ಮತ್ತೆ ಪರಿಶೀಲಿಸಿದ. ಇಬ್ಬರೂ ಒಂದು ಗ್ರಂಥಕ್ಕೆ ಇನ್ನೊಂದನ್ನು ತಾಳೆ ಹಾಕಿದರು, ತಿಂಗಳು ಎಣಿಸಿದರು. ಒಂದು ಯಾನ ಸರಿಹೋಯಿತೆನ್ನುವಷ್ಟರಲ್ಲಿ ಮತ್ತೊಂದು ತಪ್ಪುತ್ತಿತ್ತು.

ಅವರು ಹುಡುಕುತ್ತಿದ್ದುದನ್ನೆಲ್ಲ ಕಾದಿಟ್ಟುಕೊಂಡವಳು ಒಬ್ಬ ಬೆಸ್ತರ ದೇವಿ. ಚೀನಾದ ಫುಜಿಯಾನ್ ಕರಾವಳಿಯ ಮೇಝೌ ದ್ವೀಪದಲ್ಲಿ 960ರಲ್ಲಿ ಒಂದು ಹೆಣ್ಣುಮಗು ಹುಟ್ಟಿತು, ಹುಟ್ಟುವಾಗ ಅಳಲೇ ಇಲ್ಲ, ಅದಕ್ಕೇ ಮೌನಿ ಎಂಬರ್ಥದ ‘ಮೊ’ ಎಂಬ ಹೆಸರಿಟ್ಟರು ಎನ್ನುತ್ತದೆ ಐತಿಹ್ಯ. ಲಿನ್ ಮನೆತನದ ಆ ಹುಡುಗಿ ಒಮ್ಮೆ ಮಗ್ಗದ ಮುಂದೆ ಕೂತಲ್ಲೇ ಮೈಮರೆತಳಂತೆ; ಆ ಹೊತ್ತಿಗೆ ಬಿರುಗಾಳಿಗೆ ಸಿಕ್ಕ ತಂದೆ, ಅಣ್ಣಂದಿರನ್ನು ಅವಳ ಜೀವ ಕಡಲ ನಡುವೆ ಹಿಡಿದೆತ್ತುತ್ತಿತ್ತಂತೆ. ಇಪ್ಪತ್ತೆಂಟು ತುಂಬುವ ಮೊದಲೇ ಹೋದವಳಿಗೆ ದ್ವೀಪದವರು ಗುಡಿ ಕಟ್ಟಿದರು. ಅವಳೇ ಮಾಜು. ದೋಣಿಗಳಲ್ಲಿ ಅವಳ ಪುಟ್ಟ ಮೂರ್ತಿ ಕೂತಿತು. ಹೊಸ ಬಂದರಿನಲ್ಲಿ ಗುಡಿ ಕಟ್ಟುವವರು ಹಳೆಯ ಗುಡಿಯ ಧೂಪದ ಬೂದಿಯನ್ನು ಜತನವಾಗಿ ಒಯ್ದರು. ಬೆಸ್ತರ ಹಿಂದೆ ವ್ಯಾಪಾರಿಗಳು ಬಂದರು, ವ್ಯಾಪಾರಿಗಳ ಹಿಂದೆ ಅರಸರು. 1281ರಲ್ಲಿ ಕುಬ್ಲೈ ಖಾನ್ ಅವಳನ್ನು ‘ತಿಯಾನ್‌ಫೇ’, ಸ್ವರ್ಗದ ರಾಣಿ, ಎಂದು ಕರೆದ.

ತುಳುನಾಡಿನ ಕಡಲ ದಂಡೆಯವರಿಗೆ ಈ ಕತೆ ಪರಕೀಯವೆನಿಸದು. ಮೊಗವೀರರು ನಂಬುವ ಬೊಬ್ಬರ್ಯನೂ ಕಡಲಲ್ಲೇ ಜೀವ ಬಿಟ್ಟು ದೈವವಾದವನು; ಪಾಡ್ದನದಲ್ಲಿ ಅವನು ಮುಸ್ಲಿಂ ಕಡಲ ವ್ಯಾಪಾರಿಯ ಮಗ. ಮಳೆಗಾಲದ ಬಿರುಸು ಇಳಿದು ದೋಣಿ ನೀರಿಗಿಳಿಸುವ ಮುನ್ನ ಹಾಲು, ತೆಂಗಿನಕಾಯಿ ಕಡಲಿಗೆ ಬಿಟ್ಟು ಕೈಮುಗಿಯುವ ಜನಕ್ಕೆ ಒಂದು ಮಾತು ಗೊತ್ತು: ಆಪತ್ತಿನಲ್ಲಿ ಹೇಳಿಕೊಂಡ ಹರಕೆಯನ್ನು ದಡ ಸೇರಿದ ಮೇಲೆ ಒಪ್ಪಿಸಲೇಬೇಕು, ಒಪ್ಪಿಸುವಾಗ ಸುಳ್ಳಾಡಬಾರದು.

ಝೆಂಗ್ ಹೆ ಯುನ್ನಾನ್‌ನ ಮುಸ್ಲಿಂ ಮನೆತನದಲ್ಲಿ ಹುಟ್ಟಿದವನು. ಆದರೆ ಅವನ ಮೊದಲ ಯಾನದಲ್ಲೇ ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು ಜನರಿದ್ದರು. ಅಷ್ಟು ಜೀವಗಳ ಹೊಣೆ ಹೊತ್ತವನು ನಾವಿಕರ ದೇವಿಯನ್ನು ಬಿಟ್ಟು ಹೊರಡುವಂತಿರಲಿಲ್ಲ.

1935ರಲ್ಲಿ ಬಾಗಿಲು ತೆರೆಯಿತು. ಚೀನೀ ಇತಿಹಾಸಕಾರ ಝೆಂಗ್ ಹೆಶೆಂಗ್ ಹದಿನಾರನೆಯ ಶತಮಾನದ ಕಿಯಾನ್ ಗು ಸಂಗ್ರಹಿಸಿದ್ದ ಬರಹಗಳ ದೊಡ್ಡ ಗ್ರಂಥವನ್ನು ಹಾಳೆ ಹಾಳೆಯಾಗಿ ನೋಡುತ್ತಿದ್ದ. ಸುಝೌ ಸೀಮೆಯ ಗುಡಿ, ತೋಟ, ಸೇತುವೆಗಳ ಬಗೆಗಿನ ಬರಹಗಳ ನಡುವೆ ಒಂದು ಶಾಸನದ ಪ್ರತಿ ಅವನ ಕಣ್ಣಿಗೆ ಬಿತ್ತು. ಯಾಂಗ್‌ಟ್ಸೆ ಮುಖದ ಲಿಯುಜಿಯಾಗಾಂಗ್ ಬಂದರಿನ ತಿಯಾನ್‌ಫೇ ಗುಡಿಯಲ್ಲಿ 1431ರ ಮಾರ್ಚ್‌ನಲ್ಲಿ ನೆಟ್ಟ ಕಲ್ಲಿನದು. ಕಲ್ಲು ಕಾಣೆಯಾಗಿತ್ತು, ಯಾರೋ ನಕಲು ಮಾಡಿಕೊಂಡ ಅಕ್ಷರಗಳು ಮಾತ್ರ ಉಳಿದಿದ್ದವು. ಓದುತ್ತ ಹೋದಂತೆ ಅದರಲ್ಲಿ ಒಂದರ ಕೆಳಗೊಂದು ಇಸವಿಗಳು ಬಂದವು. ಹೊರಟದ್ದು, ಮರಳಿದ್ದು, ಮತ್ತೆ ಹೊರಟದ್ದು. ಝೆಂಗ್ ಹೆ ತಾನೇ ಬರೆಸಿದ ಲೆಕ್ಕ!

ನಕಲನ್ನು ಹೇಗೆ ನಂಬುವುದು? ಕೈತಪ್ಪಿ ಒಂದು ಗೆರೆ ಬಿಟ್ಟರೂ ಇಸವಿ ಬದಲಾಗುತ್ತದೆ. ಆ ಅನುಮಾನಕ್ಕೆ ಉತ್ತರ ಹೇಳಲು ಎರಡನೆಯ ಸಾಕ್ಷಿ ಫುಜಿಯಾನ್‌ನ ಚಾಂಗ್‌ಲೆಯಲ್ಲಿ ಇತ್ತು. ಅಲ್ಲಿನ ನಾನ್‌ಶಾನ್ ಗುಡ್ಡದ ದೇವಿಯ ಕಲ್ಲು ಊರಿನ ನೆನಪಿನಿಂದ ಜಾರಿಹೋಗಿತ್ತು. 1930ರ ದಶಕದಲ್ಲಿ ಅದು ಮತ್ತೆ ಬೆಳಕಿಗೆ ಬಂತು. ಎದೆಯೆತ್ತರಕ್ಕಿಂತ ತುಸು ಹೆಚ್ಚಿನ ಕಪ್ಪು ಕಲ್ಲು, 31 ಸಾಲು, 1177 ಅಕ್ಷರ. ಅದನ್ನು ಕಡೆಸಿದ್ದೂ 1431ರಲ್ಲೇ, ಚಳಿಗಾಲದಲ್ಲಿ. ಎರಡೂ ಬರಹಗಳು ಎದುರುಬದುರಾದವು. ಎರಡು ಊರು, ಎರಡು ತಿಂಗಳು, ಒಂದು ಉಳಿದದ್ದು ಕಾಗದದಲ್ಲಿ, ಇನ್ನೊಂದು ಕಲ್ಲಿನಲ್ಲಿ. ಯಾನಗಳ ಇಸವಿಗಳು ಒಂದಕ್ಕೊಂದು ಕೂಡಿದವು.

ಕಲ್ಲು ನೆಟ್ಟ ಆ ಚಳಿಗಾಲದಲ್ಲಿ ಝೆಂಗ್ ಹೆಗೆ ಅರವತ್ತು. ಏಳನೆಯ ಯಾನಕ್ಕೆ ಹಡಗುಗಳು ಚಾಂಗ್‌ಲೆಯಲ್ಲಿ ಲಂಗರು ಹಾಕಿ ಉತ್ತರದ ಗಾಳಿಗೆ ಕಾಯುತ್ತಿದ್ದವು. ಕಾಯುವ ಆ ದಿನಗಳಲ್ಲಿ ಅವನೂ ಅವನ ಜೊತೆಯ ವಾಂಗ್ ಜಿಂಗ್‌ಹಾಂಗ್ ಮೊದಲಾದವರೂ ದೇವಿಗೆ ಕೃತಜ್ಞತೆ ಬರೆಸಿದರು. ಬೆಟ್ಟದಂತೆ ಎದ್ದ ಅಲೆಗಳನ್ನು ನೆನೆದರು. ಬಿರುಗಾಳಿಯಲ್ಲಿ ದೇವಿಯ ಹೆಸರು ಕೂಗಿದಾಗ ಹಾಯಿಕಂಬದ ಮೇಲೆ ದೀಪದಂಥ ಬೆಳಕು ಇಳಿದು ಬಂದದ್ದನ್ನು, ಅದು ಕಂಡೊಡನೆ ಜೀವದಲ್ಲಿ ಜೀವ ಬಂದದ್ದನ್ನು ಹೇಳಿಕೊಂಡರು. ಗುಡುಗುಮೋಡದ ವಿದ್ಯುತ್ತು ಕಂಬದ ತುದಿಯಲ್ಲಿ ಹೀಗೆ ಹೊಳೆಯುವುದುಂಟು. ಸಾವಿನ ಅಂಚಿನಲ್ಲಿದ್ದ ನಾವಿಕರಿಗೆ ಅದು ತಾಯಿ ಹಿಡಿದ ದೀಪವಾಗಿತ್ತು. ಆಮೇಲೆ, ಹೋಗಿಬಂದ ವರ್ಷಗಳು ಎಂದೆಂದಿಗೂ ಉಳಿಯಲೆಂದು ಕಲ್ಲಿಗೆ ಹತ್ತಿಸಿದರು.

ಎರಡೂ ಬರಹ ಕೈಸೇರಿದ ಮೇಲೆ ಡೈವೆಂಡಾಕ್ ಯಾನಗಳ ನಿಜವಾದ ತಾರೀಖುಗಳ ಬಗ್ಗೆ ದೀರ್ಘ ಲೇಖನ ಬರೆದ. 1930ರ ದಶಕದ ಕೊನೆಗೆ ಅದು ಅಚ್ಚಾಯಿತು. ಗಂಟು ಬಿಚ್ಚಿದಾಗ ಕಂಡದ್ದು ತೀರ ಸರಳವಾಗಿತ್ತು. ಅಧಿಕೃತ ಇತಿಹಾಸ 1407ರಿಂದ 1409ರ ಎರಡನೆಯ ಯಾನವನ್ನೇ ಬಿಟ್ಟುಬಿಟ್ಟಿತ್ತು. ಏಳರ ಸಂಖ್ಯೆ ತುಂಬಿಸಲು 1424ರ ಪಾಲೆಂಬಾಂಗ್‌ನ ಸಣ್ಣ ದೌತ್ಯವನ್ನು ಆರನೆಯದೆಂದು ಎಣಿಸಿತ್ತು. ಜೊತೆಗೆ, ಚಕ್ರವರ್ತಿಯ ಅಪ್ಪಣೆಯ ದಿನವನ್ನೇ ಹಡಗು ಹೊರಟ ದಿನವೆಂದು ಎಲ್ಲರೂ ಓದಿದ್ದರು. 1412ರ ಕೊನೆಗೆ ಅಪ್ಪಣೆಯಾದರೂ ಜನ, ಸರಕು ಕೂಡಿ ಮಾರುತ ಅನುಕೂಲವಾಗುವಷ್ಟರಲ್ಲಿ 1413 ಬಂದಿತ್ತು. ಗಾಲೆಯ ಕಲ್ಲಿನ ತಾರೀಖೂ ಹಾಗೆಯೇ: ಅದು ನಾನ್‌ಜಿಂಗ್‌ನಲ್ಲಿ ಬರಹ ಸಿದ್ಧವಾದ ದಿನ. ಕಲ್ಲು ಲಂಕೆಗೆ ಹೋದದ್ದು ಅದೇ ವರ್ಷ ಹೊರಟ ಮೂರನೆಯ ಯಾನದಲ್ಲಿ. ಸಾಮಾನ್ಯ ಸೈನಿಕ ಫೇ ಶಿನ್ ಹೇಳಿದ್ದು ಸರಿಯಾಗಿತ್ತು.

ಆ ಕೊನೆಯ ಯಾನದ ಹಡಗುಗಳು ಕಲ್ಲಿಕೋಟೆ ದಾಟಿ ಹೋರ್ಮುಝ್ ತಲುಪಿದ್ದು 1433ರ ಜನವರಿಯಲ್ಲಿ. ಹತ್ತು ವರ್ಷಗಳ ಮೇಲೆ ಕಲ್ಲಿಕೋಟೆಯಲ್ಲಿ ಇಳಿದ ಅಬ್ದುಲ್ ರಜಾಕ್, ಅಲ್ಲಿನ ಎದೆಗಾರ ನಾವಿಕರನ್ನು ಜನ ಚೀನಿಯರ ಮಕ್ಕಳು ಎನ್ನುತ್ತಿದ್ದುದನ್ನು ಕೇಳಿಸಿಕೊಂಡ. ಚಾಂಗ್‌ಲೆಯ ಕಲ್ಲಿನಲ್ಲಿ ಮೊದಲ ನಾಲ್ಕು ಯಾನಗಳಿಗೆ ಹೋದ ವರ್ಷ, ಬಂದ ವರ್ಷ ಎರಡೂ ಇದ್ದವು; ಐದನೆಯದಕ್ಕೂ ಆರನೆಯದಕ್ಕೂ ಹೋದ ವರ್ಷವಷ್ಟೇ ಇತ್ತು. ಏಳನೆಯದಕ್ಕೆ ಹೊರಡುವ ಮಾತು ಮಾತ್ರ. ಝೆಂಗ್ ಹೆ ಆ ಯಾನದಿಂದ ಮರಳುವಾಗ ಕಲ್ಲಿಕೋಟೆಯಲ್ಲೇ ತೀರಿಕೊಂಡ ಎಂದು ಹಲವರು ನಂಬಿದ್ದಾರೆ. ಮರಳಿದ ವರ್ಷವನ್ನು ಸೇರಿಸಲು ಯಾರೂ ಆ ಕಲ್ಲಿನ ಬಳಿಗೆ ಬರಲಿಲ್ಲ.