ಡಿಂಗ ದೊಡ್ಡೋನಾ, ಸ್ಕ್ರೂಜ್ ದೊಡ್ಡೋನಾ?

ಈ ಸಲ ನಿಡಘಟ್ಟಕ್ಕೆ ಹೋದಾಗಲೂ ಚಿಕ್ಕಪ್ಪನ ಮಗನ ಜೊತೆ ಅದೇ ಜಗಳ. 2024ರಲ್ಲಿ ಮಾರ್ವೆಲ್ ತಂದ ಅಂಕಲ್ ಸ್ಕ್ರೂಜ್ ಕಾಮಿಕ್ಸ್ ಅವನ ಫೋನಲ್ಲಿತ್ತು. ಕಾರ್ಲ್ ಬಾರ್ಕ್ಸ್ 1947ರಲ್ಲಿ ಸೃಷ್ಟಿಸಿದ ಜಿಪುಣ ಬಾತುಕೋಳಿಗೆ ಇಲ್ಲಿ ಇನ್ನೊಂದು ಲೋಕದ ಸ್ಕ್ರೂಜೇ ಶತ್ರು! ಜೇಸನ್ ಆರನ್ ಬರೆದದ್ದು.

“ಹಳೇ ಸ್ಕ್ರೂಜೇ ಚೆನ್ನಾಗಿದ್ದ ಕಣೋ, ಇದೆಲ್ಲ ಅತಿಯಾಯ್ತು” ಅಂದೆ.

“ಅಣ್ಣಾ, ನಿಂಗೆ ಡಿಂಗ ಬಿಟ್ರೆ ಯಾರೂ ಹಿಡಿಸಲ್ಲ ಬಿಡು.”

ಸುಳ್ಳಲ್ಲ. ಬಾಲಮಂಗಳದ ಆ ಸೂಪರ್ ಇಲಿ ನಿಮಗೂ ನೆನಪಿರಬೇಕು. ನಾವಿಬ್ಬರೂ ಅಕ್ಷರ ಕೂಡಿಸಿ ಓದೋಕೆ ಕಲಿತದ್ದೇ ಅವನಿಂದ, ಸ್ಕೂಲಿಂದಲ್ಲ.

ಅಷ್ಟರಲ್ಲಿ ಅವನ ಆರು ವರ್ಷದ ಮಗಳು ಫೋನಿಗೆ ಇಣುಕಿ, “ದೊಡ್ಡಪ್ಪ, ಬಾತುಕೋಳಿ ಕನ್ನಡ ಮಾತಾಡಲ್ವಾ?” ಅಂದಳು.

ಇಬ್ಬರೂ ಗಪ್‌ಚುಪ್. ಆಮೇಲೆ ಅಟ್ಟ ಹತ್ತಿ, ಮುಖಪುಟ ಹರಿದ ಬಾಲಮಂಗಳ ಹುಡುಕಿ ತಂದೋನು ನಾನಲ್ಲ, ಸ್ಕ್ರೂಜ್ ಅಭಿಮಾನಿ.