ಪುರಾತನರ ಸ್ಮರಣೆ

ಶರಣಸಾಹಿತ್ಯದಲ್ಲಿ ‘ಆದ್ಯರು’, ‘ಪುರಾತನರು’ ಎಂಬ ಮಾತುಗಳು ಅಡಿಗಡಿಗೆ ಬರುತ್ತವೆ. ಹಿಂದೆ ಆಗಿಹೋದವರು ಎಂಬಷ್ಟೇ ಇವುಗಳ ಅರ್ಥವಲ್ಲ. ಯಾರ ನಡೆಯನ್ನು ಕಂಡು ನಮ್ಮ ನಡೆಯನ್ನು ತಿದ್ದಿಕೊಳ್ಳಬೇಕೋ ಅಂಥವರು ಎಂಬ ಭಾವವೂ ಅಲ್ಲಿ ಅಡಗಿದೆ. ಹನ್ನೆರಡನೆಯ ಶತಮಾನದ ಶರಣರು ಹೊಸ ಮಾರ್ಗವನ್ನು ತೆರೆದವರು ನಿಜ. ಆದರೂ ತಮಗಿಂತ ಮುಂಚಿನವರನ್ನು ಅವರು ಮರೆಯಲಿಲ್ಲ.

ಈ ಸ್ಮರಣೆಯಲ್ಲಿ ಗಮನಿಸತಕ್ಕ ವಿಶೇಷವೊಂದುಂಟು. ಲೋಕದ ರೂಢಿಯಲ್ಲಿ ಹಿರಿಯರೆಂದರೆ ಕುಲದ ಹಿರಿಯರು. ಬಸವಣ್ಣನವರು ಜನಿಸಿದ್ದು ಬ್ರಾಹ್ಮಣ ಮನೆತನದಲ್ಲಿ. ವಚನಗಳಲ್ಲಿ ಅವರು ಬಂಧುತ್ವವನ್ನು ಹೇಳಿಕೊಂಡದ್ದು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರ ಮನೆಗಳೊಡನೆ. ಆ ಮನೆಗಳ ಸೇವಕರ ಸಂತಾನ ತಾವೆಂದು ಹೇಳಿಕೊಳ್ಳುವುದರಲ್ಲಿಯೇ ಅವರಿಗೆ ಹಿರಿಮೆ. ಹಿರಿಯರು ಹುಟ್ಟಿನಿಂದ ಮಾತ್ರ ದೊರೆಯುವವರಲ್ಲ, ಗುಣವನ್ನರಿತು ನಾವು ಆರಿಸಿಕೊಳ್ಳತಕ್ಕವರು ಎಂಬ ತತ್ತ್ವ ಇದರಿಂದ ಸ್ಪಷ್ಟವಾಗುತ್ತದೆ.

ಸ್ಮರಣೆಯೆಂಬುದು ಬರಿಯ ಭಾವನೆಯೂ ಅಲ್ಲ, ಅದೊಂದು ಕಾಯಕ. ಓಲೆಗರಿಗೆ ಆಯುಷ್ಯ ಮಿತವಾದದ್ದು. ಹುಳು, ತೇವ, ಬೆಂಕಿಗಳ ಬಾಯಿಗೆ ಬೀಳುವ ಮುನ್ನ ಯಾರಾದರೂ ಕುಳಿತು ಪ್ರತಿ ಮಾಡದಿದ್ದರೆ ವಚನವೊಂದೂ ಉಳಿಯುತ್ತಿರಲಿಲ್ಲ. ಹಾಗೆ ಬರೆದ ಲಿಪಿಕಾರರಲ್ಲಿ ಅನೇಕರ ಹೆಸರೇ ನಮಗೆ ತಿಳಿಯದು. ಮುಂದೆ ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು (1880–1964) ಊರೂರು ಅಲೆದು ಆ ಕಟ್ಟುಗಳನ್ನು ಸಂಗ್ರಹಿಸಿದರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಕು ಕಂಡದ್ದು 1923ರಲ್ಲಿ. ಮನೆಯನ್ನು ಮಾರಿ ಮುದ್ರಣಾಲಯವನ್ನು ನಡೆಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಸಾಹಿತ್ಯ ಹದಿನೈದು ಸಂಪುಟಗಳಲ್ಲಿ ಪ್ರಕಟವಾಯಿತು. ಇದರ ಹಿಂದೆ ಎಷ್ಟು ತಲೆಮಾರುಗಳ ದುಡಿಮೆ ಇದೆಯೆಂಬುದನ್ನು ಸಹೃದಯರು ಊಹಿಸಬಹುದು.

ಆದರೂ ನಮ್ಮ ನೆನಪು ಪಕ್ಷಪಾತದಿಂದ ಹೊರತಾಗಿಲ್ಲ. ಮೂವತ್ತಕ್ಕೂ ಮಿಕ್ಕಿ ಶರಣೆಯರು ವಚನಗಳನ್ನು ರಚಿಸಿದ್ದಾರೆ. ಅವರಲ್ಲಿ ಅನೇಕರು ಇಂಥವರ ‘ಪುಣ್ಯಸ್ತ್ರೀ’ ಎಂದು ಪತಿಯ ಹೆಸರಿನಿಂದಲೇ ಗುರುತಿಸಲ್ಪಡುತ್ತಾರೆ. ಕೆಲವರವು ಬೆರಳೆಣಿಕೆಯ ವಚನಗಳು ಮಾತ್ರ ಉಳಿದಿವೆ. ನಮ್ಮ ಮನೆಗಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಅಧ್ಯಾಪಕನಾಗಿದ್ದಾಗ ನಾನು ಪ್ರತಿವರ್ಷವೂ ಮಕ್ಕಳಿಗೆ ಅವರ ಹಿರಿಯರ ಹೆಸರುಗಳನ್ನು ಬರೆದು ತರಲು ಹೇಳುತ್ತಿದ್ದೆ. ಮುತ್ತಜ್ಜನ ಹೆಸರು ಹಲವರಿಗೆ ದೊರೆಯುತ್ತಿತ್ತು. ಮುತ್ತಜ್ಜಿಯ ಜಾಗ ಬಹುಮಟ್ಟಿಗೆ ಖಾಲಿಯಾಗಿಯೇ ಬರುತ್ತಿತ್ತು. ಹೊಲಮನೆಗಳಿಗೆ ವಾರಸುದಾರನಾದವನ ಹೆಸರು ಕಾಗದದಲ್ಲಿ ನಿಂತಿತು; ಹಿಟ್ಟು ಬೀಸಿ, ಹಾಡು ಕಲಿಸಿ, ಮನೆ ನಿಲ್ಲಿಸಿದವಳ ಹೆಸರು ಅಳಿದುಹೋಯಿತು.

ಹಾಗಾದರೆ ಹಿರಿಯರನ್ನು ಗೌರವಿಸುವ ಬಗೆ ಯಾವುದು? ಭಾವಚಿತ್ರಕ್ಕೆ ಹೂಮಾಲೆ ಹಾಕುವುದು ತಪ್ಪಲ್ಲ, ಆದರೆ ಹೂವು ಸಂಜೆಗೆ ಬಾಡುತ್ತದೆ. ಅವರ ಮಾತನ್ನು ಓದಬೇಕು, ಅರ್ಥವನ್ನು ವಿಚಾರಿಸಬೇಕು, ಸರಿಕಂಡುದನ್ನು ನಡೆಯಲ್ಲಿ ತರಬೇಕು. ಮನೆಯ ಅಟ್ಟದಲ್ಲಿ ಹಳೆಯ ಕಟ್ಟುಗಳಿದ್ದರೆ ಬಿಚ್ಚಿ ನೋಡಿ, ಬಲ್ಲವರ ಕೈಗೆ ಒಪ್ಪಿಸಬೇಕು. ಮನೆಯಲ್ಲಿ ವೃದ್ಧರಿದ್ದರೆ ಅವರ ತಾಯಿಯ, ಅಜ್ಜಿಯ ಹೆಸರುಗಳನ್ನು ಇಂದೇ ಕೇಳಿ ಬರೆದಿಡಬೇಕು. ನಾಳೆ ಕೇಳೋಣವೆಂದರೆ ಹೇಳುವವರು ಇರುತ್ತಾರೆಂಬ ನಂಬಿಕೆಯಿಲ್ಲ.